ಮುಖಶಸ್ತ್ರವೈದ್ಯದಲ್ಲಿ ಅಳತೆಯ ಚರಿತ್ರೆ: ಎಲೆ, ಮೇಣ, ಬೆಳಕು

೧

ಕನ್ನಡದಲ್ಲಿ ಅವಮಾನಕ್ಕೆ ‘ಮುಖಭಂಗ’ವೆಂದು ಹೆಸರು. ತಪ್ಪು ಮಾಡಿದವನು ಊರಿಗೆ ಮುಖ ತೋರಿಸಲಾರನು. ಮಾನ ಕಳೆದುಕೊಂಡವನನ್ನು ಮೂಗು ಕೊಯ್ಸಿಕೊಂಡವನೆಂದು ಜನರು ಆಡಿಕೊಳ್ಳುವರು. ಈ ನುಡಿಗಟ್ಟುಗಳು ಬರಿಯ ಅಲಂಕಾರಗಳಾಗಿ ಹುಟ್ಟಿದುವಲ್ಲ. ಕೈ ಹೋದವನು ಹೊದಿಕೆಯೊಳಗೆ ತನ್ನ ಊನವನ್ನು ಮರೆಸಿಕೊಳ್ಳಬಹುದು. ಮುಖ ಕೆಟ್ಟವನಿಗೆ ಆ ಉಪಾಯವೂ ಇಲ್ಲ. ಆದುದರಿಂದಲೇ ಶತ್ರುವನ್ನು ಕೊಲ್ಲದೆ ಜೀವಮಾನವೆಲ್ಲ ದಂಡಿಸಬೇಕೆಂದು ಎಣಿಸಿದ ಹಿಂದಣ ಪ್ರಭುಗಳು ಅವನ ಮೂಗಿಗೆ ಕೈಯಿಟ್ಟರು. ಕಂಠೀರವ ನರಸರಾಜ ಒಡೆಯರ (೧೬೩೮–೧೬೫೯) ಆಳ್ವಿಕೆಯ ಕಡೆಯ ವರ್ಷಗಳಲ್ಲಿ ಮೈಸೂರಿಗೂ ಮಧುರೆಗೂ ನಡೆದ ಕಾಳಗವನ್ನು ತಮಿಳುನಾಡಿನವರು ‘ಮೂಗು ಕೊಯ್ದ ಯುದ್ಧ’ವೆಂದೇ ಕರೆದರು. ಮೈಸೂರಿನ ದಂಡು ಕೊಯ್ದ ಮೂಗುಗಳಿಗೆ ಮಧುರೆಯವರು ಮೂಗುಗಳಿಂದಲೇ ಸೇಡು ತೀರಿಸಿಕೊಂಡರೆಂದು ಆ ಕಾಲದ ವೃತ್ತಾಂತಗಳು ಹೇಳುತ್ತವೆ.

ಕೊಯ್ಯುವ ಕೈ ಇದ್ದ ನಾಡಿನಲ್ಲಿಯೇ ಜೋಡಿಸುವ ಕೈಯೂ ಇದ್ದಿತು. ಆ ಜೋಡಿಸುವ ವಿದ್ಯೆಯ ಚರಿತ್ರೆಯಲ್ಲಿ ಶಸ್ತ್ರದ ಹರಿತ, ಔಷಧದ ಗುಣ ಇವುಗಳಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯುಂಟು; ಅದು ಅಳತೆ. ಮುಖವನ್ನು ತಿದ್ದುವ ವೈದ್ಯನು ಇಲ್ಲದುದನ್ನು ಇದ್ದಂತೆ ಕಾಣಬೇಕು. ಮರೆಯಾದುದನ್ನು ತೆರೆದಂತೆ ಕಾಣಬೇಕು. ಹಾಗೆ ಕಂಡುದನ್ನು ಕಣ್ಣೆದುರಿನ ಮಾಂಸದ ಮೇಲೆ ಗೆರೆಯಾಗಿ ಎಳೆಯಬೇಕು. ಈ ಗೆರೆಗಾಗಿ ಸುಶ್ರುತನ ಪರಂಪರೆಯವರು ಎಲೆಯನ್ನು ಬಳಸಿದರು; ಹದಿನೆಂಟನೆಯ ಶತಮಾನದ ಕುಂಬಾರನೊಬ್ಬನು ಮೇಣವನ್ನು ಬಳಸಿದನು; ಇಪ್ಪತ್ತೊಂದನೆಯ ಶತಮಾನದ ದವಡೆಯ ಶಸ್ತ್ರವೈದ್ಯರು ಬೆಳಕನ್ನೇ ಬಳಸತೊಡಗಿದ್ದಾರೆ. ‘ವರ್ಧಿತ ವಾಸ್ತವ’ ಅಥವಾ ಆಗ್ಮೆಂಟೆಡ್ ರಿಯಾಲಿಟಿ ಎಂಬ ಹೆಸರಿನ ಈ ಹೊಸ ಸಾಧನವು ತೀರ ಹೊಸದೆಂದು ತೋರಿದರೂ ಅದರ ಬೇರು ಬಹು ಆಳಕ್ಕೆ ಇಳಿದಿದೆ.

೨

ಸುಶ್ರುತಸಂಹಿತೆಯ ಸೂತ್ರಸ್ಥಾನದ ಹದಿನಾರನೆಯ ಅಧ್ಯಾಯವು ಕಿವಿ ಚುಚ್ಚುವುದನ್ನೂ ಹರಿದ ಕಿವಿಯನ್ನು ಕೂಡಿಸುವುದನ್ನೂ ವಿವರಿಸುತ್ತದೆ. ಅದರ ಕೊನೆಯಲ್ಲಿ ಮೂಗಿನ ವಿಚಾರ ಬರುತ್ತದೆ. ಹೋದ ಮೂಗಿನ ಪ್ರಮಾಣಕ್ಕೆ ಸರಿಯಾದ ಒಂದು ಎಲೆಯನ್ನು ಮರದಿಂದ ತಂದು, ಅದರ ಅಳತೆಗೆ ಕೆನ್ನೆಯ ತೊಗಲನ್ನು ಒಂದು ಕಡೆ ಅಂಟಿಕೊಂಡಿರುವಂತೆ ಬಿಡಿಸಿ, ಮೂಗಿನ ಮೊಂಡನ್ನು ಕೆರೆದು ಹಸಿಮಾಡಿ, ತಡಮಾಡದೆ ಎರಡನ್ನೂ ಸೇರಿಸಿ ಕಟ್ಟಬೇಕು. ಉಸಿರಾಟಕ್ಕಾಗಿಯೂ ಆಕಾರ ಕುಗ್ಗದಿರಲೆಂದೂ ಎರಡು ನಾಳಗಳನ್ನು ಇಡಬೇಕು. ಮೇಲೆ ಪತಂಗ, ಯಷ್ಟಿಮಧು, ಅಂಜನಗಳ ಪುಡಿಯನ್ನು ಉದುರಿಸಿ, ಬಿಳಿಯ ಹತ್ತಿಯನ್ನು ಮುಚ್ಚಿ ಎಳ್ಳೆಣ್ಣೆಯಿಂದ ನೆನೆಸುತ್ತಿರಬೇಕು. ಇಷ್ಟೇ ವಿಧಿ, ಕೆಲವೇ ಶ್ಲೋಕಗಳ ಮಾತು.

ಈ ವಿಧಿಯಲ್ಲಿ ಎಲೆಯ ಪಾತ್ರ ಏನೆಂಬುದನ್ನು ಆಲೋಚಿಸಿದರೆ ಪೂರ್ವಿಕರ ಸೂಕ್ಷ್ಮತೆ ಗೊತ್ತಾಗುತ್ತದೆ. ಮೂಗು ಉಬ್ಬಿದ ಆಕಾರ. ಕೆನ್ನೆಯ ತೊಗಲು ಹರವಾದ ವಸ್ತು. ಉಬ್ಬನ್ನು ಹರವಿನ ಮೇಲೆ ಕಣ್ಣಳತೆಯಿಂದ ಗುರುತಿಸಹೋದರೆ ತೊಗಲು ಕಡಮೆಯಾಗುವುದು ಖಂಡಿತ. ಕಡಮೆಯಾದರೆ ಮತ್ತೆ ಕೂಡಿಸುವಂತಿಲ್ಲ. ಎಲೆಯಾದರೋ ಬಾಗುತ್ತದೆ. ಮೊಂಡಿನ ಮೇಲೆ ಬಾಗಿಸಿ ಆಕಾರವನ್ನು ಹಿಡಿಯಬಹುದು. ಮತ್ತೆ ಬಿಡಿಸಿ ಕೆನ್ನೆಯ ಮೇಲೆ ಹಾಸಬಹುದು. ಉಡುಪು ಹೊಲಿಯುವ ಚಿಪ್ಪಿಗನು ಮೈಯ ಅಳತೆಯನ್ನು ಬಟ್ಟೆಗೆ ಇಳಿಸುವ ಉಪಾಯವೂ ಇದೇ. ಹೀಗೆ ಎಲೆಯು ವೈದ್ಯನ ಮನಸ್ಸಿನಲ್ಲಿದ್ದ ಮೂಗನ್ನು ಹೊರಕ್ಕೆ ತಂದು ರೋಗಿಯ ಮುಖದ ಮೇಲೆ ಇಟ್ಟಿತು. ಅದೇ ಗ್ರಂಥದ ಒಂಬತ್ತನೆಯ ಅಧ್ಯಾಯವು, ಶಿಷ್ಯನು ರೋಗಿಯ ಮೈಮುಟ್ಟುವ ಮೊದಲು ಕುಂಬಳ, ಸೋರೆ, ಸೌತೆ ಮೊದಲಾದ ಕಾಯಿಗಳ ಮೇಲೆ ಕೊಯ್ಯುವ ಕೈಚಳಕವನ್ನು ಅಭ್ಯಾಸಮಾಡಬೇಕೆಂದು ವಿಧಿಸುತ್ತದೆ. ಅಳತೆಯೂ ಅಭ್ಯಾಸವೂ ಕೂಡಿದಲ್ಲಿ ಮಾತ್ರ ಶಸ್ತ್ರವೆಂಬುದು ಅವರ ಅಭಿಪ್ರಾಯ.

೩

ಈ ವಿದ್ಯೆ ಗ್ರಂಥದಿಂದ ಜಾರಿ ಕಸುಬುಗಾರರ ಮನೆತನಗಳಲ್ಲಿ ಉಳಿದುಕೊಂಡಿತು. ಅದು ಮತ್ತೆ ಲೋಕದ ಕಣ್ಣಿಗೆ ಬಿದ್ದುದು ಮೈಸೂರಿನ ಯುದ್ಧವೊಂದರ ದೆಸೆಯಿಂದ.

೧೭೯೦ರಿಂದ ೧೭೯೨ರವರೆಗೆ ಟಿಪ್ಪು ಸುಲ್ತಾನನಿಗೂ ಇಂಗ್ಲಿಷರು, ಮರಾಠರು, ನಿಜಾಮ ಈ ಮೂವರ ಕೂಟಕ್ಕೂ ನಡೆದ ಯುದ್ಧದಲ್ಲಿ ಕೋಲಾರದ ಸೀಮೆಯೇ ಹೆಬ್ಬಾಗಿಲಾಯಿತು. ೧೭೯೧ರ ಫೆಬ್ರವರಿಯಲ್ಲಿ ಲಾರ್ಡ್ ಕಾರ್ನ್‌ವಾಲಿಸನು ಮುಗಳಿಯ ಕಣಿವೆಯನ್ನು ಹತ್ತಿ, ಮುಳಬಾಗಿಲ ಮಾರ್ಗವಾಗಿ ಕೋಲಾರಕ್ಕೆ ಬಂದನು. ಯಾವ ಕೋಲಾರದಲ್ಲಿ ಟಿಪ್ಪುವಿನ ತಾತನಾದ ಫತೇ ಮಹಮ್ಮದನ ಗೋರಿಯಿದೆಯೋ ಆ ಕೋಲಾರದ ಕೋಟೆ ಅವನ ವಶವಾಯಿತು; ಹೊಸಕೋಟೆಯೂ ವಶವಾಯಿತು; ಮಾರ್ಚಿಯಲ್ಲಿ ಬೆಂಗಳೂರಿನ ಕೋಟೆ ಬಿದ್ದಿತು. ಈ ದಂಡಯಾತ್ರೆಯ ಜೀವಾಳವು ತೋಪುಗಳಲ್ಲ, ಎತ್ತುಗಳು. ಅಕ್ಕಿ, ಮದ್ದು, ಗುಂಡು ಎಲ್ಲವೂ ಹೇರೆತ್ತುಗಳ ಬೆನ್ನಿನ ಮೇಲೆ ಸಾಗಬೇಕಾಗಿದ್ದಿತು. ಅದೇ ವರ್ಷದ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಳಿಯಲ್ಲಿ ಎತ್ತುಗಳು ಸತ್ತು ಕೆಡೆದುದರಿಂದಲೇ ಕಾರ್ನ್‌ವಾಲಿಸನು ತನ್ನ ದೊಡ್ಡ ತೋಪುಗಳನ್ನು ತಾನೇ ಕೆಡಿಸಿ ಹಿಂದಿರುಗಬೇಕಾಯಿತು. ಆದುದರಿಂದ ಎತ್ತು ಹೊಡೆಯುವವನು ಆಯುಧವಿಲ್ಲದವನಾದರೂ ಶತ್ರುವಿನ ಕಣ್ಣಿಗೆ ಸೈನಿಕನಿಗಿಂತ ಕಡಮೆಯಾದವನಲ್ಲ.

ಅಂತಹ ಒಬ್ಬನ ಹೆಸರು ಕೊವಾಸ್‌ಜಿ; ಮರಾಠನು, ಬೇಸಾಯಗಾರರ ಕುಲದವನು, ಇಂಗ್ಲಿಷರ ದಂಡಿನಲ್ಲಿ ಎತ್ತು ಹೊಡೆಯುತ್ತಿದ್ದವನು. ಅವನು ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಅದೇ ಸ್ಥಿತಿಯಲ್ಲಿ ಶ್ರೀರಂಗಪಟ್ಟಣದ ಬಳಿ ಬೊಂಬಾಯಿಯ ದಂಡನ್ನು ಸೇರಿದನು. ಅನಂತರ ಕಂಪೆನಿಯವರಿಂದ ವಿಶ್ರಾಂತಿವೇತನವನ್ನು ಪಡೆದನು. ಈ ವೃತ್ತಾಂತವನ್ನು ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಎಂಬ ಪತ್ರಿಕೆಯು ೧೭೯೪ರ ಅಕ್ಟೋಬರಿನಲ್ಲಿ ಪ್ರಕಟಿಸಿತು. ಟಿಪ್ಪುವನ್ನು ರಾಕ್ಷಸನಂತೆ ಚಿತ್ರಿಸುವುದು ಆ ಕಾಲದ ಇಂಗ್ಲಿಷ್ ಪತ್ರಿಕೆಗಳಿಗೆ ಪ್ರಿಯವಾಗಿದ್ದಿತೆಂಬುದನ್ನೂ, ಮೂಗು ಕೊಯ್ಯುವ ದಂಡನೆ ಅವನಿಗಿಂತ ಬಹು ಮೊದಲೇ ಅನೇಕರ ಕೈಯಲ್ಲಿ ನಡೆದು ಬಂದಿದ್ದಿತೆಂಬುದನ್ನೂ ಮರೆಯಬಾರದು. ಆದರೆ ಚಿಕಿತ್ಸೆಯ ಭಾಗಕ್ಕೆ ಈ ಸಂಶಯ ತಗಲುವುದಿಲ್ಲ. ಬೊಂಬಾಯಿ ಆಧಿಪತ್ಯದ ಇಬ್ಬರು ಇಂಗ್ಲಿಷ್ ವೈದ್ಯರು ಇಂತಹ ಶಸ್ತ್ರಕ್ರಿಯೆಯನ್ನು ಕಣ್ಣಾರೆ ಕಂಡಿದ್ದರು. ಜೇಮ್ಸ್ ವೇಲ್ಸ್ ಎಂಬ ಚಿತ್ರಕಾರನು ಹೊಸ ಮೂಗನ್ನು ಹೊತ್ತ ಕೊವಾಸ್‌ಜಿಯ ಮುಖವನ್ನು ಬರೆದನು.

ಕೊವಾಸ್‌ಜಿಯು ಹನ್ನೆರಡು ತಿಂಗಳಿಗೂ ಹೆಚ್ಚುಕಾಲ ಮೂಗಿಲ್ಲದೆ ಇದ್ದನು. ಆಮೇಲೆ ಪುಣೆಯ ಬಳಿ ಇಟ್ಟಿಗೆ ಮಾಡುವ ಕುಂಬಾರ ಕುಲದವನೊಬ್ಬನು ಅವನಿಗೆ ಮೂಗು ಕೊಟ್ಟನು. ಪತ್ರಿಕೆಯ ವಿವರಣೆಯ ತಾತ್ಪರ್ಯ ಇದು: ಮೊದಲು ತೆಳುವಾದ ಮೇಣದ ಹಾಳೆಯನ್ನು ಮೂಗಿನ ಮೊಂಡಿಗೆ ಹೊಂದಿಸಿ, ಚೆಲುವಾದ ಮೂಗಿನ ಆಕಾರಕ್ಕೆ ತಿದ್ದುವುದು. ಆ ಮೇಣವನ್ನು ಚಪ್ಪಟೆಮಾಡಿ ಹಣೆಯ ಮೇಲಿಟ್ಟು ಸುತ್ತಲೂ ಗೆರೆ ಎಳೆಯುವುದು. ಗೆರೆಯುದ್ದಕ್ಕೂ ತೊಗಲನ್ನು ಕೊಯ್ದು ಬಿಡಿಸುವುದು. ಆದರೆ ಎರಡು ಕಣ್ಣುಗಳ ನಡುವೆ ಒಂದು ಸಣ್ಣ ಪಟ್ಟಿಯನ್ನು ಕೊಯ್ಯದೆ ಬಿಡುವುದು. ಬಿಡಿಸಿದ ತೊಗಲನ್ನು ಅರ್ಧಸುತ್ತು ತಿರುಗಿಸಿ ಕೆಳಕ್ಕಿಳಿಸಿ, ಮೊಂಡಿನ ಅಂಚಿನಲ್ಲಿ ಮಾಡಿದ ಗೀರಿನೊಳಗೆ ಸೇರಿಸುವುದು. ನೀರಿನಲ್ಲಿ ಮೆದುಮಾಡಿದ ಕಾಚನ್ನು ಬಟ್ಟೆಯ ಪಟ್ಟಿಗಳಿಗೆ ಬಳಿದು ಐದಾರು ಪದರಗಳನ್ನು ಕೂಡಲಿನ ಮೇಲೆ ಹಾಕುವುದು. ನಾಲ್ಕು ದಿನಗಳಾದ ಮೇಲೆ ಅವನ್ನು ತೆಗೆದು ತುಪ್ಪದಲ್ಲಿ ಅದ್ದಿದ ಬಟ್ಟೆಯನ್ನು ಇಡುವುದು. ಐದಾರು ದಿನ ರೋಗಿಯು ಅಂಗಾತ ಮಲಗಿರಬೇಕು. ಹತ್ತನೆಯ ದಿನ ಹೊಳ್ಳೆಗಳು ತೆರೆದಿರಲೆಂದು ಮೃದುವಾದ ಬಟ್ಟೆಯ ಚೂರುಗಳನ್ನು ಇಡುವುದು. ಸುಮಾರು ಇಪ್ಪತ್ತೈದನೆಯ ದಿನಕ್ಕೆ ಕಣ್ಣುಗಳ ನಡುವಣ ಪಟ್ಟಿಯನ್ನು ಕತ್ತರಿಸುವುದು.

ಸುಶ್ರುತನ ಎಲೆ ಇಲ್ಲಿ ಮೇಣವಾಯಿತು. ಕೆನ್ನೆಯ ಸ್ಥಾನಕ್ಕೆ ಹಣೆ ಬಂದಿತು. ಎಲೆ ಬಾಗುವುದೇನೋ ನಿಜ. ಆದರೆ ಅದು ತಿದ್ದಿದ ಆಕಾರದಲ್ಲಿ ನಿಲ್ಲಲಾರದು. ಮೇಣ ನಿಲ್ಲುತ್ತದೆ. ದಿನವೂ ಮಣ್ಣಿಗೆ ಆಕಾರ ಕೊಡುವವನ ಬೆರಳಿಗೆ ಮೇಣವು ಒಗ್ಗಿದುದರಲ್ಲಿ ಸೋಜಿಗವೇನೂ ಇಲ್ಲ. ರೋಗಿಯು ಮೇಣದ ಮೂಗನ್ನು ಇಟ್ಟುಕೊಂಡಾಗಲೇ ಮುಂದಿನ ಮೂಗು ಹೇಗಿರುವುದೆಂದು ನೋಡುವವರಿಗೆ ತಿಳಿಯುತ್ತಿದ್ದಿತು. ಇನ್ನೂ ಆಗದ ಮುಖವನ್ನು ಆಗಿರುವ ಮುಖದ ಮೇಲೆ ಇಟ್ಟು ನೋಡುವುದು: ವರ್ಧಿತ ವಾಸ್ತವವೆಂಬುದರ ತಿರುಳು ಇಷ್ಟೇ.

ಸೆರೆಯಾದವನ ಹೆಸರು, ಚಿತ್ರಕಾರನ ಹೆಸರು, ನೋಡಿದ ವೈದ್ಯರ ಹೆಸರು ಇವೆಲ್ಲ ದಾಖಲೆಯಲ್ಲಿ ಉಳಿದುವು. ಮೂಗನ್ನು ಮಾಡಿದವನ ಹೆಸರನ್ನು ಬರೆದುಕೊಳ್ಳಲು ಮಾತ್ರ ಯಾರಿಗೂ ತೋರಲಿಲ್ಲ.

೪

ಆ ಪತ್ರಿಕೆಯ ಎರಡು ಪುಟಗಳ ಬರಹವು ಯೂರೋಪಿನ ಶಸ್ತ್ರವೈದ್ಯವನ್ನು ಎಚ್ಚರಿಸಿತು. ಲಂಡನ್ನಿನ ಜೋಸೆಫ್ ಕಾರ್ಪ್ಯೂ ಎಂಬ ವೈದ್ಯನು ಶವಗಳ ಮೇಲೆ ಅಭ್ಯಾಸಮಾಡಿ, ೧೮೧೪ರಲ್ಲಿ ಸೇನಾಧಿಕಾರಿಯೊಬ್ಬನಿಗೆ ಭಾರತೀಯ ಕ್ರಮದಲ್ಲಿ ಮೂಗನ್ನು ಕಟ್ಟಿದನು; ೧೮೧೬ರಲ್ಲಿ ಅದನ್ನು ಕುರಿತು ಗ್ರಂಥವನ್ನು ಬರೆದನು. ಎರಡು ವರ್ಷಗಳ ತರುವಾಯ ಬರ್ಲಿನ್ನಿನಲ್ಲಿ ಫಾನ್ ಗ್ರೇಫೆಯ ಗ್ರಂಥ ಹೊರಟಿತು. ಭಾರತದಲ್ಲಿಯೂ ಪರಂಪರೆ ನಿಲ್ಲಲಿಲ್ಲ. ಜುನಾಗಢದ ತ್ರಿಭುವನದಾಸ ಮೋತಿಚಂದ ಶಾಹರು ತಾವು ಮಾಡಿದ ನೂರಕ್ಕೂ ಹೆಚ್ಚು ಮೂಗಿನ ಶಸ್ತ್ರಕ್ರಿಯೆಗಳ ವಿವರಗಳನ್ನು ೧೮೮೯ರಲ್ಲಿ ಅಚ್ಚುಮಾಡಿಸಿದರು.

ತೊಗಲಿನ ಕೆಲಸದಿಂದ ಮೂಳೆಯ ಕೆಲಸಕ್ಕೆ ಇಳಿದಾಗ ಅಳತೆಯ ಕಷ್ಟ ನೂರ್ಮಡಿಯಾಯಿತು. ಹಣೆಯ ಮೇಲೆ ಗೆರೆ ಎಳೆಯಬಹುದು. ದವಡೆಯ ಮೂಳೆ ಕೆನ್ನೆಯ ಮರೆಯಲ್ಲಿರುತ್ತದೆ. ಕೆಳದವಡೆಯ ಒಳಗೆ ಒಂದು ಸಣ್ಣ ಸುರಂಗವಿದ್ದು, ಹಲ್ಲುಗಳಿಗೂ ಕೆಳದುಟಿಗೂ ಸ್ಪರ್ಶಜ್ಞಾನವನ್ನು ಕೊಡುವ ನರವು ಅದರಲ್ಲಿ ಹರಿಯುತ್ತದೆ. ಗರಗಸವು ಕೂದಲೆಳೆಯಷ್ಟು ಓಡಿದರೂ ತುಟಿ ಜೀವಮಾನವೆಲ್ಲ ಜೋಮುಹಿಡಿದಂತಾಗಬಹುದು. ಮೇಲ್ದವಡೆಯ ಮೇಲಕ್ಕೆ ಕಣ್ಣಿನ ಗೂಡು, ಅದರ ಮೇಲಕ್ಕೆ ಮೆದುಳಿನ ತಳ. ಫ್ರಾನ್ಸಿನ ರೆನೆ ಲಫೋರ್ ಎಂಬಾತನು ಮುಖದ ಮೂಳೆಗಳು ಪೆಟ್ಟಿಗೆ ಯಾವ ಗೆರೆಗಳಲ್ಲಿ ಮುರಿಯುವುವೆಂಬುದನ್ನು ೧೯೦೧ರಲ್ಲಿ ತೋರಿಸಿಕೊಟ್ಟನು. ೧೯೫೦ರ ದಶಕದಲ್ಲಿ ಜೂರಿಚ್ಚಿನ ಹ್ಯೂಗೋ ಓಬ್‌ವೆಗೇಸರನು ಕೆಳದವಡೆಯನ್ನು ಸೀಳಿ ಮುಂದಕ್ಕೋ ಹಿಂದಕ್ಕೋ ಸರಿಸುವ ಕ್ರಮವನ್ನು ಬಳಕೆಗೆ ತಂದನು. ಕೆಲಸ ಹೀಗೆ ಸೂಕ್ಷ್ಮವಾದಂತೆಲ್ಲ ಒಳಗನ್ನು ಕಾಣುವ ಹಂಬಲವೂ ಹೆಚ್ಚಿತು.

೧೮೯೫ರಲ್ಲಿ ರಾಂಟ್‌ಜೆನ್ನನು ಕಂಡುಹಿಡಿದ ಎಕ್ಸ್-ಕಿರಣವು ಮೂಳೆಯ ನೆರಳನ್ನು ಕೊಟ್ಟಿತು. ನೆರಳಿಗೆ ಉದ್ದಗಲಗಳುಂಟು, ಆಳವಿಲ್ಲ. ೧೯೭೧ರಲ್ಲಿ ಹೌನ್ಸ್‌ಫೀಲ್ಡನ ಯಂತ್ರವು ಮೊದಲನೆಯ ಸಲ ರೋಗಿಯ ತಲೆಯನ್ನು ಪದರಪದರವಾಗಿ ತೋರಿಸಿದಾಗ ಆಳವೂ ದೊರಕಿತು. ಇದೇ ಈಗ ಎಲ್ಲರ ಬಾಯಲ್ಲಿರುವ ಸಿ. ಟಿ. ಸ್ಕ್ಯಾನು. ಪದರಗಳನ್ನು ಗಣಕಯಂತ್ರದಲ್ಲಿ ಒಂದರ ಮೇಲೊಂದು ಅಡಕಿದರೆ ರೋಗಿಯ ತಲೆಬುರುಡೆಯ ಪೂರ್ಣಾಕಾರ ಸಿದ್ಧವಾಗುತ್ತದೆ. ಆದರೂ ಒಂದು ಕೊರತೆ ಉಳಿಯಿತು. ಚಿತ್ರ ಗೋಡೆಯ ಮೇಲೆ, ರೋಗಿ ಮೇಜಿನ ಮೇಲೆ. ವೈದ್ಯನು ಚಿತ್ರದತ್ತ ಕತ್ತು ತಿರುಗಿಸಿ, ಕಂಡುದನ್ನು ನೆನಪಿನಲ್ಲಿ ಹೊತ್ತು, ಮತ್ತೆ ಗಾಯದತ್ತ ತಿರುಗಬೇಕು. ಆ ಒಂದು ತಿರುವಿನಲ್ಲಿ ಅಳತೆ ಸೋರಿಹೋಗಬಹುದು.

೫

ಕೋಲಾರದ ಚಿನ್ನದ ಗಣಿಗಳನ್ನು ಬಲ್ಲವರಿಗೆ ಈ ಕಷ್ಟದ ಸ್ವರೂಪವು ಬೇಗ ತಿಳಿದೀತು. ೨೦೦೧ರಲ್ಲಿ ಮುಚ್ಚುವ ಹೊತ್ತಿಗೆ ಆ ಗಣಿಗಳು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದುವು. ಗಣಿಯ ನಕ್ಷೆ ಎಷ್ಟು ಸೊಗಸಾಗಿದ್ದರೂ ಅದು ಮೇಲಿನ ಕಚೇರಿಯ ಕಾಗದ, ಬಂಡೆಯೊಳಗೆ ಕತ್ತಲೆ. ಆದುದರಿಂದ ಗಣಿಯ ಮೋಜಣಿದಾರನು ಬಾವಿಯೊಳಕ್ಕೆ ತೂಕಕಟ್ಟಿದ ತಂತಿಗಳನ್ನು ಇಳಿಬಿಟ್ಟು, ನೆಲದ ಮೇಲಣ ಗೆರೆಯನ್ನು ಪಾತಾಳದ ಗೆರೆಗೆ ಹೊಂದಿಸುತ್ತಾನೆ. ಆ ಹೊಂದಿಕೆ ಸರಿಯಾದರೆ ಎರಡು ಕಡೆಗಳಿಂದ ಕೊರೆದ ಸುರಂಗಗಳು ಬಂಡೆಯ ನಡುವೆ ಸೇರುತ್ತವೆ. ತಪ್ಪಿದರೆ ಒಂದನ್ನೊಂದು ಕಾಣದೆ ಹಾದುಹೋಗುತ್ತವೆ.

ವರ್ಧಿತ ವಾಸ್ತವದಲ್ಲಿ ಮೊದಲು ಆಗಬೇಕಾದುದೂ ಈ ಹೊಂದಿಕೆಯೇ. ಗಣಕದಲ್ಲಿರುವ ತಲೆಬುರುಡೆಯನ್ನು ಮೇಜಿನ ಮೇಲಿರುವ ತಲೆಬುರುಡೆಗೆ ಕೂಡಿಸಬೇಕು. ಚರ್ಮದ ಗುರುತುಗಳನ್ನು ನಂಬುವಂತಿಲ್ಲ. ಚರ್ಮ ಸರಿಯುತ್ತದೆ, ಊದಿಕೊಳ್ಳುತ್ತದೆ. ಮುಖದ ವೈದ್ಯರಿಗೆ ಪ್ರಕೃತಿಯೇ ಕೊಟ್ಟಿರುವ ಗುರುತುಗಲ್ಲುಗಳೆಂದರೆ ಹಲ್ಲುಗಳು. ಅವು ಮೂಳೆಯಲ್ಲಿ ನೆಟ್ಟಿವೆ. ಹಲ್ಲುಗಳಿಗೆ ಬಿಗಿಯಾಗಿ ಕೂರುವ ಅಚ್ಚೊಂದಕ್ಕೆ ಗುರುತುಗಳನ್ನು ಅಂಟಿಸಿ, ಅದನ್ನು ಕಚ್ಚಿಸಿಯೇ ಸ್ಕ್ಯಾನು ತೆಗೆದು, ಶಸ್ತ್ರಕ್ರಿಯೆಯ ಹೊತ್ತಿನಲ್ಲಿ ಮತ್ತೆ ಅದನ್ನೇ ಕೂರಿಸುವುದು ಒಂದು ಕ್ರಮ. ಕ್ಯಾಮರಾಗಳು ಆ ಗುರುತುಗಳನ್ನೂ ವೈದ್ಯನ ಆಯುಧವನ್ನೂ ಕ್ಷಣಕ್ಷಣಕ್ಕೆ ಹಿಂಬಾಲಿಸುತ್ತವೆ. ವೈದ್ಯನು ಧರಿಸಿದ ಕನ್ನಡಕದ ಗಾಜಿನಲ್ಲಿ, ರೋಗಿಯ ಕೆನ್ನೆಯ ಮೇಲೆಯೇ ತೋರುವಂತೆ, ಒಳಗಣ ಮೂಳೆಯ ಅಂಚು, ನರದ ದಾರಿ, ಗರಗಸ ಹೋಗಬೇಕಾದ ಗೆರೆ ಇವು ಬೆಳಕಿನಲ್ಲಿ ಮೂಡುತ್ತವೆ.

ಇದು ಒಮ್ಮೆಗೆ ಆದ ಕೆಲಸವಲ್ಲ. ತಲೆಗೆ ಧರಿಸಿ ನೋಡುವ ಚಿತ್ರಯಂತ್ರವನ್ನು ಅಮೆರಿಕದ ಐವನ್ ಸದರ್ಲೆಂಡನು ೧೯೬೮ರಲ್ಲಿ ತೋರಿಸಿದನು. ೧೯೮೬ರಲ್ಲಿ ಅಮೆರಿಕದ ರಾಬರ್ಟ್ಸ್ ಮತ್ತು ಸಂಗಡಿಗರು ಮೆದುಳಿನ ಶಸ್ತ್ರಕ್ರಿಯೆಯ ಸೂಕ್ಷ್ಮದರ್ಶಕದೊಳಕ್ಕೆ ಸ್ಕ್ಯಾನಿನ ಗೆರೆಗಳನ್ನು ತಂದರು. ‘ಆಗ್ಮೆಂಟೆಡ್ ರಿಯಾಲಿಟಿ’ ಎಂಬ ಹೆಸರು ೧೯೯೦ರ ದಶಕದ ಮೊದಲಲ್ಲಿ ಬೋಯಿಂಗ್ ವಿಮಾನದ ಕಾರ್ಖಾನೆಯಲ್ಲಿ, ತಂತಿಗಳನ್ನು ಜೋಡಿಸುವ ಕೆಲಸಗಾರರ ಅನುಕೂಲಕ್ಕಾಗಿ ಹುಟ್ಟಿತು. ಅದನ್ನು ದವಡೆಯ ಶಸ್ತ್ರಕ್ರಿಯೆಗೆ ತಂದವರಲ್ಲಿ ವಿಯೆನ್ನಾ ನಗರದ ವಾಗ್ನರ್ ಮತ್ತು ಸಂಗಡಿಗರು ಮೊದಲಿಗರ ಸಾಲಿನವರು. ಅವರ ಪ್ರಬಂಧವು ೧೯೯೭ರಲ್ಲಿ ಪ್ರಕಟವಾಯಿತು. ೨೦೧೬ರಲ್ಲಿ ಮೈಕ್ರೊಸಾಫ್ಟ್ ಕಂಪೆನಿಯ ಹೋಲೋಲೆನ್ಸ್ ಎಂಬ ಕನ್ನಡಕ ಹೊರಬಂದ ಮೇಲೆ ಇಂತಹ ಪ್ರಯೋಗಗಳು ಅನೇಕ ದೇಶಗಳಲ್ಲಿ ನಡೆದುವು. ೨೦೧೯ರಲ್ಲಿ ಪೋಲೆಂಡಿನ ವೈದ್ಯರು ದವಡೆಯ ಮಾದರಿಗಳ ಮೇಲೆ ಬೆಳಕಿನ ಗೆರೆಯನ್ನು ಹಿಡಿದು ಕೊಯ್ಯುವ ಪರೀಕ್ಷೆಯನ್ನು ಪ್ರಕಟಿಸಿದರು. ಕುಂಬಳಕಾಯಿಯ ಅಭ್ಯಾಸ ಬೇರೊಂದು ರೂಪದಲ್ಲಿ ಮುಂದುವರಿಯಿತೆನ್ನಬೇಕು.

೬

ಹೊಸ ಸಾಧನದ ಗುಣವನ್ನು ಹೇಳುವಾಗ ಅದರ ದೋಷವನ್ನು ಮುಚ್ಚಬಾರದು. ಬೆಳಕಿನ ಗೆರೆ ಸುಳ್ಳು ಹೇಳಬಲ್ಲುದು. ಹೊಂದಿಕೆ ಒಂದೆರಡು ಮಿಲಿಮೀಟರು ತಪ್ಪಿದ್ದರೂ ಚಿತ್ರ ಅಷ್ಟೇ ಅಂದವಾಗಿ, ಅಷ್ಟೇ ನಿಶ್ಚಯವಾಗಿ ಕಾಣುತ್ತದೆ. ನರದ ಸುರಂಗವೇ ಕೆಲವು ಮಿಲಿಮೀಟರುಗಳ ಅಗಲದ್ದು. ಅಲ್ಲಿ ಎರಡು ಮಿಲಿಮೀಟರಿನ ತಪ್ಪೆಂದರೆ ಅಲ್ಪವಲ್ಲ. ಮೇಲ್ದವಡೆ ತಲೆಬುರುಡೆಗೆ ಅಂಟಿದ್ದರೆ ಕೆಳದವಡೆ ಬಾಗಿಲಿನಂತೆ ಆಡುತ್ತದೆ. ಅದಕ್ಕೆ ಪ್ರತ್ಯೇಕ ಗುರುತುಗಳು ಬೇಕು. ಹೋಲೋಲೆನ್ಸಿನಂತಹ ಕನ್ನಡಕಗಳು ಚಿತ್ರವನ್ನು ಸುಮಾರು ಎರಡು ಮೀಟರು ದೂರದಲ್ಲಿದ್ದಂತೆ ನಿಲ್ಲಿಸುತ್ತವೆ. ವೈದ್ಯನ ಕೈಗಳಾದರೋ ತೋಳಿನಳತೆಯಲ್ಲಿಯೇ ಕೆಲಸಮಾಡುತ್ತವೆ. ಕಣ್ಣು ಎರಡಕ್ಕೂ ಏಕಕಾಲದಲ್ಲಿ ಹೊಂದಿಕೊಳ್ಳಲಾರದೆ ದಣಿಯುತ್ತದೆ. ಹೊಳೆಯುವ ಗೆರೆಯಲ್ಲಿ ನಟ್ಟ ದೃಷ್ಟಿಯು ಪಕ್ಕದಲ್ಲಿ ಒಸರುವ ರಕ್ತವನ್ನು ಕಾಣದೆ ಹೋಗುವ ಅಪಾಯವೂ ಉಂಟು. ಯಂತ್ರಗಳ ಆಯುಸ್ಸೂ ಅಲ್ಪ; ಹೋಲೋಲೆನ್ಸ್ ಕನ್ನಡಕದ ತಯಾರಿಕೆಯನ್ನು ಅದರ ಕಂಪೆನಿಯೇ ೨೦೨೪ರಲ್ಲಿ ನಿಲ್ಲಿಸಿತು. ಎಲೆಯೂ ಮೇಣವೂ ಯಾವ ಕಂಪೆನಿಯ ಹಂಗಿನಲ್ಲಿಯೂ ಇರಲಿಲ್ಲ.

ಇವೆಲ್ಲ ಇದ್ದರೂ ಈ ವಿದ್ಯೆಯನ್ನು ದೂರದ ನಗರಗಳ ವಿನೋದವೆಂದು ಕೋಲಾರದ ಸೀಮೆಯವರು ತಳ್ಳಿಹಾಕುವಂತಿಲ್ಲ. ಟಿಪ್ಪುವಿನ ಕಾಲದಲ್ಲಿ ಮುಖವನ್ನು ಕೆಡಿಸಿದುದು ಕತ್ತಿ. ಈಗ ಕೆಡಿಸುತ್ತಿರುವುದು ಹೊಗೆಸೊಪ್ಪು. ಎಲೆಯಡಿಕೆಯೊಡನೆ ಕಡ್ಡಿಪುಡಿಯನ್ನು ಸೇರಿಸಿ ಕೆನ್ನೆಯ ಸಂದಿಯಲ್ಲಿ ಬಹುಹೊತ್ತು ಇಟ್ಟುಕೊಳ್ಳುವ ಅಭ್ಯಾಸ ಹಳ್ಳಿಗಳಲ್ಲಿ, ಅದರಲ್ಲಿಯೂ ಕೂಲಿಯ ಹೆಂಗಸರಲ್ಲಿ, ಬಹಳವಾಗಿದೆ. ಅದು ಇಟ್ಟ ಜಾಗದಲ್ಲಿಯೇ ಕ್ಯಾನ್ಸರು ಏಳುತ್ತದೆ, ಒಸಡಿಗೆ ಹಬ್ಬುತ್ತದೆ, ದವಡೆಯ ಮೂಳೆಗೆ ಇಳಿಯುತ್ತದೆ. ೧೯೮೬ರಲ್ಲಿ ಕೋಲಾರದ ಟಮಕದಲ್ಲಿ ಸ್ಥಾಪಿತವಾದ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿಯೂ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಲ್ಲಿಯೂ ಬಾಯಿಯ ಕ್ಯಾನ್ಸರು ಅಪರೂಪದ ರೋಗವಲ್ಲ; ದಿನನಿತ್ಯದ ಕೆಲಸ. ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿಯೋ ಯಲ್ದೂರಿನ ಹೊಲಗಳಲ್ಲಿಯೋ ದುಡಿದು ಬಂದ ತಾಯಿಯೊಬ್ಬಳ ದವಡೆಯನ್ನು ತೆಗೆಯಬೇಕಾಗಿ ಬಂದಾಗ, ಎಲ್ಲಿಯವರೆಗೆ ತೆಗೆಯಬೇಕೆಂಬ ಗೆರೆಯೇ ಅವಳ ಆಯುಸ್ಸನ್ನೂ ಅವಳ ಮುಖವನ್ನೂ ನಿರ್ಣಯಿಸುವ ಗೆರೆ. ಒಳಕ್ಕೆ ಸರಿದರೆ ರೋಗ ಉಳಿಯುತ್ತದೆ. ಹೊರಕ್ಕೆ ಸರಿದರೆ ಅವಳು ಅನ್ನವನ್ನು ಅಗಿಯಲಾರಳು, ಜಾತ್ರೆಗೆ ಹೋಗಿ ನಾಲ್ಕು ಜನರ ನಡುವೆ ನಿಲ್ಲಲಾರಳು.

ತೆಗೆದ ದವಡೆಗೆ ಬದಲಾಗಿ ಕಾಲಿನ ಹೊರಪಕ್ಕದ ತೆಳುಮೂಳೆಯನ್ನು ಅದರ ರಕ್ತನಾಳಗಳೊಡನೆ ತಂದು ಕೂರಿಸುವ ಕ್ರಮವನ್ನು ಅಮೆರಿಕದ ಹಿಡಾಲ್ಗೋ ೧೯೮೯ರಲ್ಲಿ ವಿವರಿಸಿದನು. ಕಾಲಿನ ಮೂಳೆ ನೆಟ್ಟಗಿನದು, ದವಡೆ ಲಾಳದಂತೆ ಬಾಗಿದುದು. ನೆಟ್ಟಗಿನದನ್ನು ತುಂಡರಿಸಿ ಬಾಗಿದುದನ್ನಾಗಿ ಕೂಡಿಸಬೇಕು. ಇದು ಸುಶ್ರುತನ ಎಲೆಯ ಸಮಸ್ಯೆಯೇ. ತೊಗಲಿಗೆ ಬದಲು ಮೂಳೆಯಲ್ಲಿ ಬಂದಿದೆ. ಗಣಕದಲ್ಲಿ ಮೊದಲೇ ಅಳೆದು ಮಾಡಿಸಿದ ಅಚ್ಚುಪಟ್ಟಿಗಳನ್ನು ಮೂಳೆಗೆ ಬಿಗಿದು ಗರಗಸಕ್ಕೆ ದಾರಿತೋರಿಸುವ ಕ್ರಮ ಈಗ ಬಳಕೆಯಲ್ಲಿದೆ. ಅಚ್ಚುಪಟ್ಟಿಯನ್ನು ಮಾಡಿಸಲು ದಿನಗಳು ಹಿಡಿಯುತ್ತವೆ. ಅಷ್ಟರಲ್ಲಿ ರೋಗ ಹಬ್ಬಿದರೆ ಅಚ್ಚು ಕೆಲಸಕ್ಕೆ ಬಾರದು. ಬೆಳಕಿನ ಗೆರೆಯನ್ನಾದರೆ ಅಂದೇ ತಿದ್ದಬಹುದು. ಹಳ್ಳಿಯಿಂದ ತಡವಾಗಿ ಬರುವ ರೋಗಿಗಳಿಗೆ ಈ ಒಂದು ಗುಣವೇ ದೊಡ್ಡ ಉಪಕಾರವಾಗಬಲ್ಲುದು.

೭

ಕುಂಬಾರನ ಕೆಲಸದಲ್ಲಿ ಯೂರೋಪಿನವರು ಮೇಣದ ಅಚ್ಚನ್ನು ಮೆಚ್ಚಿಕೊಂಡರು. ಆದರೆ ಅವನ ವಿದ್ಯೆಯ ಮರ್ಮವಿದ್ದುದು ಅಚ್ಚಿನಲ್ಲಿ ಮಾತ್ರವೇ ಅಲ್ಲ. ಎರಡು ಕಣ್ಣುಗಳ ನಡುವೆ ಕೊಯ್ಯದೆ ಬಿಟ್ಟ ಆ ಸಣ್ಣ ಪಟ್ಟಿಯಲ್ಲಿ. ಆ ಪಟ್ಟಿಯ ಮೂಲಕ ಹರಿದ ರಕ್ತದಿಂದಲೇ ಹಣೆಯ ತೊಗಲು ಸಾಯದೆ ಮೂಗಾಯಿತು. ಅಚ್ಚು ಆಕಾರವನ್ನು ಕೊಟ್ಟಿತು; ಪಟ್ಟಿ ಜೀವವನ್ನು ಕೊಟ್ಟಿತು. ಅದನ್ನು ಇಪ್ಪತ್ತೈದು ದಿನ ಕಾಯಬೇಕೆಂಬುದನ್ನು ಯಾವ ಮೇಣವೂ ಅವನಿಗೆ ಹೇಳಿರಲಾರದು. ಅದು ತಲೆಮಾರುಗಳ ಅನುಭವ ಹೇಳಿದ ಮಾತು.

ಇಂದಿನ ಶಸ್ತ್ರವೈದ್ಯದಲ್ಲಿಯೂ ಸ್ಥಿತಿ ಬೇರೆಯಾಗಿಲ್ಲ. ಬೆಳಕು ಮೂಳೆಯನ್ನು ಎಲ್ಲಿ ಕೊಯ್ಯಬೇಕೆಂದು ತೋರಿಸಬಲ್ಲುದು. ರಕ್ತನಾಳ ಎಲ್ಲಿದೆಯೆಂದೂ ತೋರಿಸಬಲ್ಲುದು. ಕಾಲಿನಿಂದ ತಂದ ಮೂಳೆಯ ಎಳೆನಾಳವನ್ನು ಕತ್ತಿನ ನಾಳಕ್ಕೆ ಹೊಲಿದು, ರಕ್ತ ಹರಿಯಿತೇ ಇಲ್ಲವೇ ಎಂದು ರಾತ್ರಿಯೆಲ್ಲ ಎಚ್ಚರವಿದ್ದು ನೋಡಬೇಕಾದವರು ಮನುಷ್ಯರೇ. ಎಲೆ ಮೇಣವಾಗಿ, ಮೇಣ ಬೆಳಕಾಗಿ ಮಾರ್ಪಟ್ಟ ಈ ಉದ್ದವಾದ ಚರಿತ್ರೆಯಲ್ಲಿ ಅಳತೆ ಸೂಕ್ಷ್ಮವಾಗುತ್ತ ಬಂದಿದೆ. ಅಳತೆಯ ಹಿಂದಿನ ಕೈ ಮಾತ್ರ ಪ್ರತಿ ಕಾಲದಲ್ಲಿಯೂ ಹೊಸದಾಗಿ ಕಲಿಯಬೇಕಾಗಿದೆ. ಅಂತಹ ಕೈಗಳು ಬೆಂಗಳೂರಿನಲ್ಲಿ ಎಷ್ಟಿವೆಯೋ ಕೋಲಾರದಲ್ಲಿಯೂ ಅಷ್ಟಾಗುವಂತೆ ನೋಡಿಕೊಳ್ಳುವುದೂ, ಅವುಗಳ ಕೆಲಸ ಕಡಮೆಯಾಗುವಂತೆ ಕಡ್ಡಿಪುಡಿಯ ಪೊಟ್ಟಣವನ್ನು ಹಳ್ಳಿಯ ಮಡಿಲಿನಿಂದ ತೆಗೆಸುವುದೂ ಈ ಕಾಲದವರ ಹೊಣೆ. ಕೊವಾಸ್‌ಜಿಗೆ ಮುಖ ಕೊಟ್ಟವನ ಹೆಸರು ಚರಿತ್ರೆಗೆ ದಕ್ಕಲಿಲ್ಲ. ಅವನ ವಿದ್ಯೆ ದಕ್ಕಿತು. ಆ ಋಣವನ್ನು ತೀರಿಸುವ ದಾರಿ ಅದನ್ನು ಬೇಕಾದವರ ಬಾಗಿಲಿಗೆ ಮುಟ್ಟಿಸುವುದೊಂದೇ.